ಫೈಟಿಂಗ್ ಗೇಮ್ ಕಲಿಯಬೇಕಾ? ಕಾಂಬೋ ಬಿಡಿ, ಮೊದಲು ತಡೆಯೋದು ಕಲಿಯಿರಿ

ಪುಣೆಯ ಹಿಂಜವಡಿ ಪಿಜಿಗಳಲ್ಲಿರುವ ನಮ್ಮ ಹುಬ್ಬಳ್ಳಿ, ಬೆಳಗಾವಿ ಕಡೆಯ ಹುಡುಗರಲ್ಲಿ ಬಿಜಿಎಂಐ, ವ್ಯಾಲರಂಟ್‌ನಂಥ ಗುಂಡು ಹೊಡೆಯುವ ಶೂಟರ್ ಗೇಮ್ ಆಡುವವರು ಬೇಕಾದಷ್ಟು ಜನ. ಇಬ್ಬರೇ ಎದುರುಬದುರು ನಿಂತು ಬಡಿದಾಡುವ ಸ್ಟ್ರೀಟ್ ಫೈಟರ್ 6 ಆಡೋಣ ಬನ್ನಿ ಅಂದರೆ ಮಾತ್ರ ಎಲ್ಲರಿಗೂ ಬಟ್ಟೆ ಒಗೆಯುವ ಕೆಲಸ ನೆನಪಾಗುತ್ತದೆ. ವ್ಯಾಲರಂಟ್‌ನಲ್ಲಿ ಸೋತರೆ ಬೈಯಲು ಟೀಮಿನಲ್ಲಿ ಇನ್ನೂ ನಾಲ್ಕು ಜನ ಇರುತ್ತಾರೆ. ಇಲ್ಲಿ ಸೋತರೆ ಸೋತವರು ನೀವೊಬ್ಬರೇ. ಮಜಾನೂ ಅಲ್ಲೇ ಇದೆ, ಗೆದ್ದಾಗ ಪಾಲು ಕೇಳುವವರು ಯಾರೂ ಇಲ್ಲ ಅಲ್ವಾ?

ಆಟದ ಪಾತ್ರಗಳಲ್ಲಿ ರ್ಯೂನನ್ನು ಹಿಡಿಯಿರಿ. ವಾರಕ್ಕೊಬ್ಬನನ್ನು ಬದಲಿಸಬೇಡಿ. ಉದ್ದುದ್ದ ಕಾಂಬೋ (ಒಂದರ ಹಿಂದೊಂದು ಸರಣಿ ಏಟು) ಬಾಯಿಪಾಠ ಮಾಡುವುದೂ ಈಗ ಬೇಡ, ಮೊದಲ ಏಟೇ ತಾಗದಿದ್ದರೆ ಅದನ್ನು ತಗೊಂಡು ಏನು ಮಾಡ್ತೀರಿ?

ಹಿಂದಕ್ಕೆ ಒತ್ತಿದರೆ ನಿಂತು ತಡೆಯುತ್ತಾನೆ, ಹಿಂದೆ-ಕೆಳಗೆ ಒತ್ತಿದರೆ ಕೂತು. ಕಾಲಿಗೆ ಬರುವ ಒದೆಯನ್ನು ಕೂತೇ ತಡೆಯಬೇಕು, ಹಾರಿ ಬಂದು ಹೊಡೆಯುವುದನ್ನು ನಿಂತೇ. ಥ್ರೋ, ಅಂದರೆ ಹಿಡಿದು ಎಸೆಯುವುದು, ಎರಡಕ್ಕೂ ಬಗ್ಗಲ್ಲ, ಅದಕ್ಕೆ ನೀವೂ ಅದೇ ಹೊತ್ತಿಗೆ ಥ್ರೋ ಒತ್ತಬೇಕು.

ಆಟ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುತ್ತದೆ. ರ್ಯೂನ ಲೈಟ್ ಪಂಚ್ 4ನೇ ಫ್ರೇಮಿಗೇ ತಾಗುತ್ತದೆ, ಅಂದರೆ ಸೆಕೆಂಡಿನ 15ರಲ್ಲೊಂದು ಪಾಲು, ಅದನ್ನು ನೋಡಿ ತಡೆಯೋದು ಯಾರ ಕೈಲೂ ಆಗಲ್ಲ. ಆದರೆ ಎದುರಾಳಿ ಹಾರಿದರೆ ನೆಲಕ್ಕೆ ಬರಲು ಮುಕ್ಕಾಲು ಸೆಕೆಂಡಿನ ಹತ್ತಿರ ಬೇಕು. ಅದು ಕಣ್ಣಿಗೆ ಕಾಣುತ್ತದೆ. ಹಾಗಾಗಿ ಮೊದಲ ವಾರವೆಲ್ಲ ಇದೊಂದೇ: ಟ್ರೈನಿಂಗ್ ಮೋಡ್‌ನಲ್ಲಿ ಡಮ್ಮಿಯ (ಅಭ್ಯಾಸಕ್ಕೆ ನಿಲ್ಲುವ ಎದುರಾಳಿ ಬೊಂಬೆ) ಹಾರಾಟ ರೆಕಾರ್ಡ್ ಮಾಡಿ, ನಡುವೆ ಸುಮ್ನೆ ನಡೆದಾಡುವುದನ್ನೂ ಸೇರಿಸಿ, ಹಾರಿದಾಗ ಮಾತ್ರ ಮೇಲಕ್ಕೆ ಎದ್ದು ಗುದ್ದುವ ಶೋರ್ಯುಕೆನ್ ಹಾಕಿ (ಮುಂದೆ, ಕೆಳಗೆ, ಕೆಳಗೆ-ಮುಂದೆ, ಪಂಚ್). ಗಾಬರಿಗೆ ಹಾಕಬೇಡಿ, ಎದುರಾಳಿ ತಡೆದರೆ ಆಮೇಲೆ ಸರಿಯಾಗಿ ತಿನ್ನುತ್ತೀರಿ. ಆಟದಲ್ಲೇ ಇರುವ ಸುಲಭದ ಮಾಡರ್ನ್ ಕಂಟ್ರೋಲ್‌ನಲ್ಲಿ ಇದಕ್ಕೆ ಒಂದು ದಿಕ್ಕು, ಒಂದು ಬಟನ್ ಸಾಕು, ಏಟಿನ ಜೋರು ಸ್ವಲ್ಪ ಕಡಿಮೆ. ನಾಚಿಕೆ ಪಡುವಂಥದ್ದೇನಿಲ್ಲ.

ಶೂಟರ್ ಕಲಿಯುವವರಿಗೂ ಇದೇ ಕ್ರಮ. ವ್ಯಾಲರಂಟ್‌ನಲ್ಲಿ ವ್ಯಾಂಡಲ್ ಅನ್ನೋ ರೈಫಲ್‌ನ ಒಂದೇ ಗುಂಡು ತಲೆಗೆ ಬಿದ್ದರೆ ಕಥೆ ಮುಗಿಯಿತು, ಹಾಗಾಗಿ ಕ್ರಾಸ್‌ಹೇರ್ (ಪರದೆ ನಡುವಿನ ಗುರಿ ಗುರುತು) ತಲೆಯ ಎತ್ತರದಲ್ಲೇ ಇರಲಿ, ಓಡುತ್ತಾ ಹೊಡೆಯದೆ ನಿಂತು ಹೊಡೆಯಿರಿ. ಅದರ ಸರ್ವರ್ ಮುಂಬೈಯಲ್ಲೇ ಇದೆ, ಪುಣೆಗೆ ಹತ್ತಿರ. ಸ್ಟ್ರೀಟ್ ಫೈಟರ್‌ನಲ್ಲಿ ಹಾಗಲ್ಲ, ಮ್ಯಾಚ್ ನಿಮ್ಮಿಬ್ಬರ ನಡುವೆ ನೇರವಾಗಿ ನಡೆಯುತ್ತದೆ, ಎದುರಾಳಿಯ ನೆಟ್ ಕೆಟ್ಟರೆ ನಿಮಗೂ ತೊಂದರೆ. ಅವನು ವೈಫೈನಲ್ಲಿದ್ದಾನಾ ಅಂತ ಆಟವೇ ತೋರಿಸುತ್ತದೆ, ಕಂಡರೆ ಬೇಡ ಅನ್ನಿ. ನೀವೂ ಪಿಜಿ ವೈಫೈ ನಂಬದೆ ಓನರ್ ಹತ್ತಿರ ಕೇಳಿ ಲ್ಯಾನ್ ಕೇಬಲ್ ಎಳೆಸಿಕೊಳ್ಳಿ.

ಸೋತ ಮ್ಯಾಚ್‌ನ ರಿಪ್ಲೇ ಹಾಕಿ, ಯಾವ ಏಟು ಪದೇ ಪದೇ ತಿಂದಿರಿ ನೋಡಿ, ಮರುದಿನ ಡಮ್ಮಿಗೆ ಅದನ್ನೇ ಕಲಿಸಿ ತಡೆಯಿರಿ.