ಅನಿಮೇಷನ್ ಡಿಗ್ರಿ ಕೈಗೆ ಬಂತು, ಫೋನ್ ಮಾಡುವುದು ಯಾರಿಗೆ?

ಕೊನೆಯ ಜ್ಯೂರಿ (ಕೆಲಸ ತೋರಿಸುವ ಪರೀಕ್ಷೆ) ಮುಗಿದು, ಕಿರುಚಿತ್ರದ ಫೈಲುಗಳನ್ನು ಹಾರ್ಡ್ ಡಿಸ್ಕಿಗೆ ತುಂಬಿಕೊಂಡು ಹಾಸ್ಟೆಲ್ ಖಾಲಿ ಮಾಡುವ ವಾರ ಮನೆಯಿಂದ ಬರುವ ಫೋನಿನಲ್ಲಿ ಒಂದೇ ಪ್ರಶ್ನೆ: ‘ಮುಂದೇನು?’ ‘ಅನಿಮೇಷನ್ ಮಾಡ್ತೀನಿ’ ಎಂದರೆ ‘ಆಸ್ಪತ್ರೆಯಲ್ಲಿ ಕೆಲಸ ಮಾಡ್ತೀನಿ’ ಎಂದ ಹಾಗೆ. ಡಾಕ್ಟರೋ, ಲ್ಯಾಬೋ, ಬಿಲ್ ಕೌಂಟರೋ ಎಂಬುದು ಹೇಳಿದವರಿಗೂ ಗೊತ್ತಿರುವುದಿಲ್ಲ.

ಫೋಲ್ಡರ್ ತೆರೆದು ನೋಡಿ

ಗೊತ್ತು ಮಾಡಿಕೊಳ್ಳಲು ಕೌನ್ಸೆಲಿಂಗ್ ಬೇಕಿಲ್ಲ. ನಿಮ್ಮದೇ ಕಿರುಚಿತ್ರದ ಫೋಲ್ಡರ್ ತೆರೆಯಿರಿ, ಯಾವ ಫೈಲನ್ನು ಎಷ್ಟು ಸಲ ಸೇವ್ ಮಾಡಿದ್ದೀರಿ ಎಣಿಸಿ. ಪಾತ್ರದ ನಡಿಗೆ ಮೂರನೇ ವರ್ಷನ್‌ಗೇ ನಿಂತು, ಅಡುಗೆಮನೆ ಕಿಟಕಿಯ ಬೆಳಕು ಮಾತ್ರ ‘ಫೈನಲ್’, ‘ಫೈನಲ್ ಫೈನಲ್’ ದಾಟಿ 19ಕ್ಕೆ ಹೋಗಿದ್ದರೆ ನೀವು ಲೈಟಿಂಗ್‌ನವರು. ಯಾರೂ ಹೇಳದೆ ರಾತ್ರಿ ಎರಡು ಗಂಟೆಗೆ ಮತ್ತೆ ಮತ್ತೆ ತಿದ್ದಿದ್ದು ಯಾವುದೋ ಅದನ್ನೇ ಮೊದಲು ಹಿಡಿಯಿರಿ.

ಹಾಗಂತ ಮೊದಲ ಕೆಲಸವೇ ಅದಾಗಬೇಕೆಂದಿಲ್ಲ. ವಿದೇಶಿ ಚಿತ್ರಗಳ ವಿಎಫ್‌ಎಕ್ಸ್ (ಕಂಪ್ಯೂಟರಿನಲ್ಲಿ ಸೇರಿಸುವ ದೃಶ್ಯ ಪರಿಣಾಮ) ಮಾಡುವ ನಮ್ಮ ಸ್ಟುಡಿಯೊಗಳು ಫ್ರೆಶರ್‌ಗಳನ್ನು ಹೆಚ್ಚಾಗಿ ತೆಗೆದುಕೊಳ್ಳುವುದು ರೋಟೊ, ಪೇಂಟ್, ಮ್ಯಾಚ್‌ಮೂವ್‌ಗೆ. ರೋಟೊ ಎಂದರೆ ಸೆಕೆಂಡಿಗೆ 24 ಫ್ರೇಮಿನಂತೆ ನಟನ ಅಂಚನ್ನು ಬಿಡಿಸುತ್ತಾ ಕೂರುವುದು, ಕೂದಲೂ ಸೇರಿ. ಪೇಂಟ್ ಎಂದರೆ ದೃಶ್ಯದಲ್ಲಿ ಬೇಡದ್ದನ್ನು ಅಳಿಸುವುದು, ಮ್ಯಾಚ್‌ಮೂವ್ ಎಂದರೆ ಅಸಲಿ ಕ್ಯಾಮೆರಾದ ಚಲನೆಯನ್ನು ಕಂಪ್ಯೂಟರಿನಲ್ಲಿ ಹೊಂದಿಸುವುದು. ಕಣ್ಣು ಪಳಗುತ್ತದೆ, ಸಂಬಳ ಬರುತ್ತದೆ. ಆದರೆ ಅಲ್ಲಿಂದ ಏಳುವ ತಾರೀಖನ್ನು ಸೇರುವ ದಿನವೇ ಮನಸ್ಸಿನಲ್ಲಿ ಬರೆದುಕೊಳ್ಳಿ.

ಒಂದು ನಿಮಿಷದ ರೀಲ್

ಕೆಲಸ ಕೇಳಲು ನಮ್ಮ ಒಳ್ಳೆಯ ಶಾಟ್‌ಗಳನ್ನು ಜೋಡಿಸಿ ತೋರಿಸುವ ವಿಡಿಯೊವೇ ಷೋರೀಲ್. ನನ್ನ ಮೊದಲ ಷೋರೀಲ್‌ನಲ್ಲಿ ಆರಂಭದ 12 ಸೆಕೆಂಡು ನನ್ನ ಹೆಸರೇ, ಬಂಗಾರದ ಅಕ್ಷರದಲ್ಲಿ ಗರಗರ ತಿರುಗುತ್ತಿತ್ತು. ಸ್ಟುಡಿಯೊ ಒಂದರಲ್ಲಿ ನೋಡುತ್ತಿದ್ದವರು ಐದನೇ ಸೆಕೆಂಡಿಗೆ ಮೌಸ್ ಹಿಡಿದು ಮುಂದಕ್ಕೆ ಎಳೆದರು. ಎಳೆದ ರಭಸಕ್ಕೆ ನನ್ನ ಒಳ್ಳೆಯ ಶಾಟೂ ದಾಟಿಹೋಯಿತು.

ಹೆಸರು ಎರಡು ಸೆಕೆಂಡು ಸಾಕು. ಅತಿ ಒಳ್ಳೆಯ ಶಾಟ್ ಮೊದಲು, ಅನುಮಾನವಿದ್ದದ್ದನ್ನು ಕಿತ್ತುಹಾಕಿ. ಐವರು ಸೇರಿ ಮಾಡಿದ ಶಾಟ್ ಆದರೆ ‘ನನ್ನದು ರಿಗ್ (ಪಾತ್ರವನ್ನು ಆಡಿಸುವ ಒಳಗಿನ ಅಸ್ಥಿಪಂಜರ) ಮಾತ್ರ’ ಎಂದು ಕೆಳಗೆ ಬರೆಯಿರಿ. ಒಂದೇ ಬ್ಯಾಚಿನ ಮೂವರ ರೀಲಿನಲ್ಲಿ ಅದೇ ಡ್ರ್ಯಾಗನ್ ಹಾರಿದರೆ ನೋಡುವವರಿಗೆ ಮೂವರ ಮೇಲೂ ಅನುಮಾನ. ಸಾಫ್ಟ್‌ವೇರಿನ ವಿದ್ಯಾರ್ಥಿ ಲೈಸೆನ್ಸ್ ಕಲಿಕೆಗೆ ಮಾತ್ರ, ಅದರಲ್ಲಿ ದುಡ್ಡಿನ ಕೆಲಸ ಮಾಡುವಂತಿಲ್ಲ. ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರ್ ಉಚಿತ, 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ‘ಫ್ಲೋ’ ಚಿತ್ರ ತಯಾರಾದದ್ದು ಅದರಲ್ಲೇ.

ಕೆಲಸ ಕೇಳುವ ಮುಂಚೆ ತಪ್ಪು ಕೇಳಿ

ನೆಟ್‌ವರ್ಕಿಂಗ್ ಎಂದೊಡನೆ ನಮ್ಮ ಹುಡುಗರು ಲಿಂಕ್ಡ್‌ಇನ್‌ನಲ್ಲಿ ದೊಡ್ಡ ಸೂಪರ್‌ವೈಸರ್‌ಗಳಿಗೆ ‘ಸರ್, ಎನಿ ವೇಕೆನ್ಸಿ?’ ಎಂದು ಕಳಿಸುತ್ತಾರೆ. ಉತ್ತರ ಬರುವುದಿಲ್ಲ, ಬರಲು ಅದರಲ್ಲಿ ಏನಿದೆ? ನಿಮಗಿಂತ ಎರಡು ಮೂರು ವರ್ಷ ಹಿರಿಯರನ್ನು ಹಿಡಿಯಿರಿ. ನಿಮ್ಮ ಪಾಡು ಅವರಿಗೆ ಇನ್ನೂ ಮರೆತಿರುವುದಿಲ್ಲ. ಹೀಗೆ ಬರೆಯಬಹುದು:

‘ಅಕ್ಕ, ನಾನು ನಿಮ್ಮ ಕಾಲೇಜೇ, ಎರಡು ಬ್ಯಾಚ್ ಕೆಳಗೆ. ಅಜ್ಜಿ ಕೊಡಪಾನ ಎತ್ತುವ ಆರು ಸೆಕೆಂಡಿನ ಶಾಟ್ ಮಾಡಿದ್ದೀನಿ. ಕೊಡದ ಭಾರ ಕಾಣ್ತಿಲ್ಲ ಅನ್ಸುತ್ತೆ. ತಪ್ಪಿರೋದು ಸೊಂಟದಲ್ಲಾ, ಮಂಡಿಯಲ್ಲಾ? ಬಿಡುವಾದಾಗ ನೋಡ್ತೀರಾ?’

ಇದಕ್ಕೆ ಎರಡು ನಿಮಿಷದಲ್ಲಿ ಉತ್ತರ ಹೇಳಬಹುದು. ‘ಎತ್ತೋಕೆ ಮುಂಚೆ ಅಜ್ಜಿಯನ್ನ ಇನ್ನೂ ನಾಲ್ಕು ಫ್ರೇಮ್ ಕುಗ್ಗಿಸು’ ಎಂದರೆ ಕುಗ್ಗಿಸಿ, ವಾರದೊಳಗೆ ತಿದ್ದಿದ ಶಾಟ್ ವಾಪಸ್ ಕಳಿಸಿ. ಬಹಳ ಮಂದಿ ಥ್ಯಾಂಕ್ಸ್ ಹೇಳಿ ಇಲ್ಲೇ ಕೈಬಿಡುತ್ತಾರೆ. ಸ್ಟುಡಿಯೊದಲ್ಲಿ ದಿನಾ ನಡೆಯುವುದೂ ಇದೇ: ಹೇಳಿಸಿಕೊಳ್ಳುವುದು, ತಿದ್ದುವುದು, ಮತ್ತೆ ತೋರಿಸುವುದು. ಅದು ನಿಮಗೆ ಬರುತ್ತದೆಂದು ಆ ಅಕ್ಕನಿಗೆ ಎರಡನೇ ಮೆಸೇಜಿನಲ್ಲೇ ಗೊತ್ತಾಗಿರುತ್ತದೆ.

ಎದುರಾಎದುರು ಸಿಗಬೇಕೆಂದರೆ ಬೆಂಗಳೂರಿನಲ್ಲಿ ಅನಿಮೇಷನ್ ಉದ್ಯಮದ ಸಂಘ ಅಬಾಯ್ ನಡೆಸುವ, ಗೇಮ್, ಅನಿಮೇಷನ್, ವಿಎಫ್‌ಎಕ್ಸ್‌ನವರು ಸೇರುವ ಜಿಎಎಫ್‌ಎಕ್ಸ್ ಸಮ್ಮೇಳನವಿದೆ. ಪ್ಯಾರಿಸ್‌ನಲ್ಲಿ ಎಮಿಲ್ ರೇನೊ 1892ರಲ್ಲಿ ಚಲಿಸುವ ಚಿತ್ರಗಳನ್ನು ಜನರಿಗೆ ತೋರಿಸಿದ ಅಕ್ಟೋಬರ್ 28, ಅಂತರರಾಷ್ಟ್ರೀಯ ಅನಿಮೇಷನ್ ದಿನ. ಅದರ ಆಸುಪಾಸಿನ ಕಾರ್ಯಕ್ರಮಗಳ ಮೇಲೂ ಕಣ್ಣಿಡಿ. ಸಭಿಕರಾಗಿ ಹೋಗುವುದಕ್ಕಿಂತ ಸ್ವಯಂಸೇವಕರಾಗಿ ಹೋಗಿ. ಅತಿಥಿಗೆ ಪ್ರೊಜೆಕ್ಟರ್ ಕೇಬಲ್ ಹುಡುಕಿಕೊಟ್ಟವರ ಮುಖ ನೆನಪಿರುತ್ತದೆ.

ಒಂದೇ ಗೇಟಿನ ಮುಂದೆ ನಿಲ್ಲಬೇಡಿ

2025ರ ಫೆಬ್ರುವರಿಯಲ್ಲಿ ವಿಎಫ್‌ಎಕ್ಸ್ ಮಾಡುವ ದೊಡ್ಡ ವಿದೇಶಿ ಕಂಪನಿ ಟೆಕ್ನಿಕಲರ್ ಸಮೂಹ ಕುಸಿದಾಗ ಅದರ ಬೆಂಗಳೂರಿನ ಸ್ಟುಡಿಯೊಗಳಿಗೂ ಬೀಗ ಬಿತ್ತು, ಸಾವಿರಾರು ಮಂದಿ ಒಮ್ಮೆಲೇ ಕೆಲಸ ಕಳೆದುಕೊಂಡರು. ಹತ್ತು ವರ್ಷ ಅನುಭವ ಇದ್ದವರೂ ಮತ್ತೆ ರೀಲ್ ಕಟ್ಟಲು ಕೂತರು. ಆದ್ದರಿಂದ ಗೇಮ್, ಜಾಹೀರಾತು, ವೈದ್ಯಕೀಯ ಅನಿಮೇಷನ್, ಕಟ್ಟಡಗಳ ತ್ರೀಡಿ ಚಿತ್ರಣದ ಕಡೆಗೂ ಅರ್ಜಿ ಹಾಕಿ. ಕೆಲಸ ಕೊಡಲು ‘ಟ್ರೈನಿಂಗ್ ಡಿಪಾಸಿಟ್’ ಕೇಳುವ ಕಡೆಯಿಂದ ಮಾತ್ರ ಎದ್ದು ಬನ್ನಿ.

ಇನ್ನು ನಿಮ್ಮ ಬ್ಯಾಚ್. ರೆಂಡರ್ ಆಗುವಾಗ (ಕಂಪ್ಯೂಟರ್ ಒಂದೊಂದೇ ಫ್ರೇಮ್ ತಯಾರಿಸುವಾಗ) ಪಕ್ಕದ ಕುರ್ಚಿಯಲ್ಲಿ ನಿದ್ದೆ ಹೊಡೆದವನು ಮುಂದೊಂದು ದಿನ ಯಾವುದೋ ಟೀಮಿನಲ್ಲಿರುತ್ತಾನೆ. ‘ಒಬ್ಬ ಒಳ್ಳೆ ಕಾಂಪ್ ಆರ್ಟಿಸ್ಟ್ (ಬೇರೆ ಬೇರೆ ಪದರಗಳನ್ನು ಒಂದೇ ದೃಶ್ಯವಾಗಿ ಬೆಸೆಯುವವರು) ಗೊತ್ತಾ?’ ಎಂದು ಟೀಮಿನ ಲೀಡ್ ಕೇಳಿದಾಗ, ಹೇಳಿದ ದಿನಕ್ಕೆ ಫೈಲ್ ಕೊಟ್ಟವರ ಹೆಸರೇ ಅವನ ಬಾಯಿಗೆ ಬರುವುದು. ಅವನ ಹಾರ್ಡ್ ಡಿಸ್ಕ್ ಇನ್ನೂ ನಿಮ್ಮ ಬ್ಯಾಗಿನಲ್ಲಿದ್ದರೆ ಹಾಸ್ಟೆಲ್ ಬಿಡುವ ಮೊದಲು ಕೊಟ್ಟುಬಿಡಿ.