ಒಬ್ಬರೇ ಇದ್ದಾಗ ಕ್ಯಾಟಮರಾನ್‌ನ ಕೂವೆಮರ ಎತ್ತುವುದು, ಇಳಿಸುವುದು ಹೇಗೆ?

ಕುಂಬಳೆ ಅಳಿವೆ ಕಡೆ ದೋಣಿ ದೂಡಲು ನಾಲ್ಕು ಜನ ಬೇಕೆಂದರೆ ಸಿಗುತ್ತಾರೆ. ಆದರೆ ನಿಮ್ಮ ಹಾಯಿದೋಣಿಯ ಹುಚ್ಚಿಗೆ ಬೆಳಿಗ್ಗೆ ಆರಕ್ಕೇ ಯಾರು ಎದ್ದು ಬರುತ್ತಾರೆ? ಎರಡು ಒಡಲಿನ ಪುಟ್ಟ ಕ್ಯಾಟಮರಾನನ್ನು ಒಬ್ಬರೇ ಸಂಭಾಳಿಸಬಹುದು. ತೊಡಕಿರುವುದು ಕೂವೆಮರದಲ್ಲಿ, ಅಂದರೆ ಮಾಸ್ಟ್‌ನಲ್ಲಿ. ಹೋಬಿ 16ರಂಥ ದೋಣಿಯಲ್ಲಿ ಅದು 26 ಅಡಿಗೂ ಜಾಸ್ತಿ ಉದ್ದ. ಅಡಿಕೆ ದೋಟಿ ಹಿಡಿದವರಿಗೆ ಗೊತ್ತು, ಉದ್ದದ ಕೋಲಿನಲ್ಲಿ ಭಾರಕ್ಕಿಂತ ಅಡ್ಡ ವಾಲುವುದೇ ತಲೆನೋವು. ಇಲ್ಲೂ ಅಷ್ಟೇ. ಎತ್ತಲು ರಾಟೆ ಇದೆ, ವಾಲದ ಹಾಗೆ ಮೊದಲೇ ಕಟ್ಟಿಕೊಳ್ಳುವುದು ನಿಮ್ಮ ಕೆಲಸ.

ಮೊದಲು ತಲೆಯೆತ್ತಿ ನೋಡಿ. ಅಲ್ಯೂಮಿನಿಯಂ ದೋಟಿ ಕರೆಂಟ್ ತಂತಿಗೆ ತಾಗಿ ಆದ ಅನಾಹುತಗಳನ್ನು ನಮ್ಮ ಕಡೆ ಕೇಳದವರಿಲ್ಲ. ಮಾಸ್ಟ್ ಕೂಡ ಅಲ್ಯೂಮಿನಿಯಂ. ಇದೇ ಭಯಕ್ಕೆ ಹೋಬಿಯವರು ಮಾಸ್ಟ್‌ನ ತುದಿಯನ್ನು ಕರೆಂಟ್ ಹರಿಯದ ಫೈಬರ್‌ಗ್ಲಾಸ್‌ನಲ್ಲಿ ಮಾಡತೊಡಗಿದರು. ಅದನ್ನು ನಂಬಿ ತಂತಿಯ ಹತ್ತಿರ ಹೋಗಬೇಡಿ. ಮಾಸ್ಟ್ ನಿಂತಿರುವ ದೋಣಿಯನ್ನು ರಸ್ತೆ ದಾಟಿಸಲೇಬೇಡಿ. ತೆಂಗು, ಗಾಳಿಮರಗಳಿಂದಲೂ ದೂರ ಇರಲಿ.

ಹೊತ್ತು ಬೆಳಗಿನದೇ ಒಳ್ಳೆಯದು. ಆಗ ನೆಲದ ಕಡೆಯಿಂದ ಮಂದ ಗಾಳಿ ಇರುತ್ತದೆ. ಬಿಸಿಲೇರಿದ ಮೇಲೆ ಪಡುಗಾಳಿ ಶುರುವಾಗುತ್ತದೆ. ದೋಣಿ ಮರಳಿನ ಮೇಲೆ ಸಮನಾಗಿ ಕೂರಬೇಕು. ಒಂದು ಒಡಲು ತಗ್ಗಿದ್ದರೆ ಮಾಸ್ಟ್ ಆ ಕಡೆಗೇ ವಾಲುತ್ತದೆ.

ಮಾಸ್ಟ್‌ನ ಬುಡವನ್ನು ಮುಂದಿನ ಅಡ್ಡತೊಲೆಯ ಮೇಲಿಟ್ಟು ಕೀಲಿನ ಪಿನ್ನು ಹಾಕಿ. ತುದಿ ಹಿಂದಕ್ಕೆ ಚಾಚಿರಲಿ, ಕವಲಿರುವ ಕಂಬವೊಂದರ ಮೇಲೆ ಎದೆಮಟ್ಟಕ್ಕೆ ಒರಗಿರಲಿ. ಎರಡು ಪಕ್ಕದ ಉಕ್ಕಿನ ತಂತಿಗಳನ್ನು ಒಡಲಿಗೆ ಸಿಕ್ಕಿಸಿ. ಅದಕ್ಕೂ ಮೊದಲು ತಂತಿಯ ಉದ್ದಕ್ಕೂ ಒಂದು ಹತ್ತಿಬಟ್ಟೆ ಸವರಿ, ಮುಖ್ಯವಾಗಿ ತುದಿಯ ಹಿಡಿಕೆ ಹತ್ತಿರ. ನೂಲು ಸಿಕ್ಕಿಕೊಂಡರೆ ಅಲ್ಲಿ ಎಳೆ ತುಂಡಾಗಿದೆ ಅಂತ ಅರ್ಥ. ಆ ತಂತಿ ಬದಲಿಸಿ, ಸುಮ್ನೆ ಧೈರ್ಯ ಮಾಡಬೇಡಿ.

ಈ ಪಕ್ಕದ ತಂತಿಗಳು ಮಾಸ್ಟನ್ನು ಹಿಡಿದುಕೊಳ್ಳುತ್ತವೆ ಎಂದುಕೊಂಡರೆ ಕೆಟ್ಟಿರಿ. ಅವು ಬುಡಕ್ಕಿಂತ ಹಿಂದೆ ಸಿಕ್ಕಿಸಿರುವುದರಿಂದ ಮಾಸ್ಟ್ ಪೂರ್ತಿ ನೆಟ್ಟಗಾದಾಗಲೇ ಬಿಗಿಯಾಗುವುದು. ಅಲ್ಲಿಯವರೆಗೆ ಸಡಿಲ. ಹಾಗಾಗಿ ಮಾಸ್ಟ್‌ನ ನಡುಭಾಗದಿಂದ ಎರಡು ಹಗ್ಗ ತಂದು ಅಡ್ಡತೊಲೆಯ ಎರಡು ತುದಿಗೆ, ಕೀಲಿನ ನೇರಕ್ಕೆ ಕಟ್ಟಿ. ನೇರ ಯಾಕೆಂದರೆ, ಆಗ ಮಾಸ್ಟ್ ಮಲಗಿದ್ದರೂ ನಿಂತರೂ ಹಗ್ಗದ ಉದ್ದ ಒಂದೇ. ಏಳುವಷ್ಟೂ ಹೊತ್ತು ಬಿಗಿಯಾಗಿಯೇ ಇರುತ್ತದೆ.

ಇನ್ನು ಎತ್ತುವ ಕೋಲು. ಮಲಗಿದ ಮಾಸ್ಟನ್ನು ದೋಣಿಯ ಮೂತಿಯಿಂದ ನೇರವಾಗಿ ಎಳೆದರೆ ಬಲವೆಲ್ಲ ಬುಡಕ್ಕೆ ಹೋಗುತ್ತದೆ, ಮಾಸ್ಟ್ ಏಳುವುದಿಲ್ಲ. ಅದಕ್ಕೇ ಆರಡಿಯ ಒಂದು ಪೈಪನ್ನು ಬುಡದಲ್ಲಿ ಮಾಸ್ಟ್‌ಗೆ ಲಂಬವಾಗಿ ನಿಲ್ಲಿಸಿ, ಅದಕ್ಕೂ ಎರಡು ಪಕ್ಕದಿಂದ ಹಗ್ಗ ಕಟ್ಟಿ. ಮಾಸ್ಟ್‌ನ ಮೇಲ್ಭಾಗದಿಂದ ಬರುವ ಹಗ್ಗ ಪೈಪಿನ ತುದಿಗೆ, ಅಲ್ಲಿಂದ ರಾಟೆಜೋಡಿ ಮೂತಿಗೆ. ದೊಡ್ಡ ಹಾಯಿ ಹಿಡಿಯುವ ಮೈನ್‌ಶೀಟ್‌ನ ರಾಟೆಗಳೇ ಸಾಕು. ಮಾಸ್ಟ್ 20 ಕಿಲೋ ಅಂದುಕೊಳ್ಳಿ. ಪೈಪಿನ ತುದಿಯಲ್ಲಿ 60 ಕಿಲೋದಷ್ಟು ಎಳೆತ ಬೀಳುತ್ತದೆ. ಆರು ಪಟ್ಟಿನ ರಾಟೆಯಿದ್ದರೆ ನಿಮ್ಮ ಕೈಗೆ ಬರುವುದು ಹತ್ತು ಕಿಲೋಗಿಂತ ತುಸು ಹೆಚ್ಚು. ಹಗ್ಗ ಕಚ್ಚಿಹಿಡಿಯುವ ಕ್ಲೀಟ್ ಇರುವುದರಿಂದ ನಡುವೆ ನಿಲ್ಲಿಸಿ ಉಸಿರಾಡಲೂಬಹುದು.

ಒಡಲಿನ ಹೊರಪಕ್ಕ ನಿಂತು ಎಳೆಯಿರಿ. ಎರಡು ಒಡಲುಗಳ ನಡುವೆ ನಿಲ್ಲಬೇಡಿ, ಪೈಪು ಅಲ್ಲಿಗೇ ಬಾಗಿ ಬರುತ್ತದೆ. ಸ್ವಲ್ಪ ಎಳೆದು, ತಂತಿ ಎಲ್ಲೂ ಸಿಕ್ಕಿಕೊಂಡಿಲ್ಲ ಎಂದು ನೋಡಿ, ಮತ್ತೆ ಎಳೆಯಿರಿ. ನೆಟ್ಟಗಾದ ಮೇಲೆ, ಮಾಸ್ಟ್‌ನಿಂದ ಮೂತಿಯ ಕಡೆ ಬರುವ ಮುಂದಿನ ತಂತಿಗೆ ಪಿನ್ನು, ಪಿನ್ನಿಗೆ ರಿಂಗ್. ಅಷ್ಟಾದ ಮೇಲೆಯೇ ರಾಟೆ ಬಿಚ್ಚಬೇಕು.

ಇಳಿಸುವಾಗ ಇದೇ ಕ್ರಮ ಉಲ್ಟಾ. ನನ್ನ ಲೆಕ್ಕದಲ್ಲಿ ಜಾಸ್ತಿ ಅಪಾಯ ಇರುವುದು ಇಲ್ಲೇ, ಯಾಕೆಂದರೆ ಆಟ ಮುಗಿದು ಮೈ ಸೋತಿರುತ್ತದೆ. ಪಕ್ಕದ ಹಗ್ಗ, ಪೈಪು, ರಾಟೆ ಎಲ್ಲ ಮತ್ತೆ ಕಟ್ಟಿ. ರಾಟೆ ಎಳೆದು ಮುಂದಿನ ತಂತಿ ಸಡಿಲಾದ ಮೇಲಷ್ಟೇ ಪಿನ್ನು ತೆಗೆಯಿರಿ. ರಾಟೆಯ ಹಗ್ಗವನ್ನು ಮೆಲ್ಲಗೆ ಬಿಡುತ್ತಾ ಪಕ್ಕದ ತಂತಿಯನ್ನು ಒಮ್ಮೆ ಜಗ್ಗಿದರೆ ಮಾಸ್ಟ್ ಹಿಂದಕ್ಕೆ ಹೊರಡುತ್ತದೆ. ಕೆಳಗೆ ಬಂದಷ್ಟೂ ಭಾರ ಏರುತ್ತದೆ, ಕೈಗವಸು ಇರಲಿ. ನೋಡಲು ಬಂದ ಮಕ್ಕಳನ್ನು ದೋಣಿಯ ಹಿಂದೆ ನಿಲ್ಲಲು ಬಿಡಬೇಡಿ.

ಮಲಗಿಸಿದ ಮೇಲೆ ಸಿಹಿನೀರಿನಲ್ಲಿ ತಂತಿ, ಕೀಲು ತೊಳೆಯಿರಿ. ತಂತಿಗಳನ್ನು ಮಾಸ್ಟ್‌ಗೆ ಸೇರಿಸಿ ಹಳೆ ಸೈಕಲ್ ಟ್ಯೂಬಿನ ತುಂಡುಗಳಿಂದ ಅಲ್ಲಲ್ಲಿ ಕಟ್ಟಿ. ಗಾಡಿಯಲ್ಲಿ ಒಯ್ಯುವುದಾದರೆ ತುದಿಗೊಂದು ಕೆಂಪು ಬಟ್ಟೆ.