ರ‍್ಯಾಪ್‌ನೊಳಗಿನ ಹೊಡಿಬಡಿ: ಕಾಲೇಜು ಹುಡುಗರ ಜೊತೆ ಕೂತು ಕೇಳುವ ಬಗೆ

ಹುಬ್ಬಳ್ಳಿ-ಧಾರವಾಡದ ಪಿಯು, ಡಿಗ್ರಿ ಹುಡುಗರ ಫೋನಿನಲ್ಲಿ ಪಂಜಾಬಿ, ಮುಂಬೈ, ಬೆಂಗಳೂರು, ಅಮೆರಿಕ ಎಲ್ಲ ಕಡೆಯ ರ‍್ಯಾಪ್ ಇದೆ. ಅದರಲ್ಲಿ ಬಂದೂಕು, ಮಚ್ಚು, ಸೇಡು ಧಾರಾಳವಾಗಿ ಬರುತ್ತವೆ. ಇದರ ಬಗ್ಗೆ ಮಾತಾಡಬೇಕೆಂದು ಹೋದ ದೊಡ್ಡವರು ಹೆಚ್ಚಾಗಿ ಭಾಷಣ ಮಾಡಿ ಬರುತ್ತಾರೆ, ಹಿಂದಿನ ಬೆಂಚಿನವರು ಇಯರ್‌ಬಡ್ ಹಾಕಿಕೊಂಡು ಅದೇ ಹಾಡು ಕೇಳುತ್ತಿರುತ್ತಾರೆ. ಭಾಷಣದ ಬದಲು ಮಾಡಬಹುದಾದ ಎರಡೂವರೆ ತಾಸಿನ ಕೂಟದ ವಿಧಾನ ಇಲ್ಲಿದೆ. ಕಾಲೇಜಿನ ಸಾಂಸ್ಕೃತಿಕ ವಿಭಾಗ, ಓಣಿಯ ಯುವಕ ಮಂಡಳ, ಓಪನ್ ಮೈಕ್ ನಡೆಸುವವರು, ಯಾರು ಬೇಕಾದರೂ ಮಾಡಬಹುದು. ಇಪ್ಪತ್ತನಾಲ್ಕು ಜನ ಸಾಕು, ಮೂವತ್ತು ದಾಟಿದರೆ ಅದು ಮತ್ತೆ ಭಾಷಣವೇ ಆಗುತ್ತದೆ.

ತಯಾರಿ

ಮೂರೇ ಹಾಡು ಆರಿಸಿ, ಒಂದೊಂದರಿಂದ ಎರಡು ನಿಮಿಷದ ತುಣುಕು. ಒಂದು ಅಮೆರಿಕದ್ದು, ಒಂದು ಭಾರತದ್ದು, ಒಂದು ಊರ ಹುಡುಗರೇ ಬರೆದದ್ದು (ಅವರು ಒಪ್ಪಿದರೆ ಮಾತ್ರ). ಪಿಯು ಮಕ್ಕಳ ಕೂಟಕ್ಕೆ ಲೈಂಗಿಕ ಹಿಂಸೆಯ ಸಾಲುಗಳಿರುವ ಹಾಡು ಬೇಡ. ಅದನ್ನು ಚರ್ಚಿಸಲು ಬೇರೆ ತಯಾರಿ, ಬೇರೆ ಜನ ಬೇಕು.

ಸಾಲುಗಳನ್ನು ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ, ಸಾಲಿನ ನಡುವೆ ಬೆರಳಗಲ ಜಾಗ ಬಿಟ್ಟು ಪ್ರಿಂಟ್ ಮಾಡಿಸಿ. ಯೂಟ್ಯೂಬ್ ತಾನಾಗಿ ಹಾಕುವ ಕ್ಯಾಪ್ಶನ್ ನಂಬಬೇಡಿ, ಆಡುಮಾತು ಬಂದಲ್ಲೆಲ್ಲ ಅದು ಎಡವುತ್ತದೆ. ಎರಡು ಸಲ ಕೇಳಿ ತಿದ್ದಿ. ಹೊರಗಿನ ಭಾಷೆಯ ಹಾಡಿಗೆ ಪಕ್ಕದಲ್ಲೇ ಕನ್ನಡದ ಅರ್ಥ ಇರಲಿ. ಪ್ರಾಸ ಹೊಂದಿಸಲು ಹೋದರೆ ಅರ್ಥ ಕೆಡುತ್ತದೆ, ಬರೀ ಅರ್ಥ ಸಾಕು. ಬೈಗುಳ ತೆಗೆದ ಆವೃತ್ತಿ ಹಾಕುವುದಾದರೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಖಾಲಿ ಬಿಟ್ಟ ಜಾಗವನ್ನು ಇಡೀ ಕೋಣೆ ಒಕ್ಕೊರಲಿನಿಂದ ತುಂಬುತ್ತದೆ.

ಹಾಡನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನೆಟ್‌ನಿಂದ ನೇರ ಹಾಕಿದರೆ ನಡುವೆ ಜಾಹೀರಾತು, ಆಮೇಲೆ ತಾನಾಗಿ ಶುರುವಾಗುವ ಮುಂದಿನ ಹಾಡು, ಅದು ಯಾವುದೋ ದೇವರೇ ಬಲ್ಲ. ಸ್ಪೀಕರಿನ ಬೇಸ್ ಅರ್ಧಕ್ಕೆ ಇಳಿಸಿ. ತಗಡಿನ ಚಾವಣಿಯ ಹಾಲ್‌ನಲ್ಲಿ ಬೇಸ್ ಜೋರಾದರೆ ಮಾತು ಕೇಳುವುದಿಲ್ಲ, ಮಾತೇ ಕೇಳದಿದ್ದರೆ ಕೂಟಕ್ಕೆ ಅರ್ಥವಿಲ್ಲ. ಪ್ರಿನ್ಸಿಪಾಲರಿಗೆ ಹಾಡು ಕೇಳಿಸುವ ಮೊದಲು ಪ್ರಿಂಟ್ ಹಾಳೆ ತೋರಿಸಿ. ಓದಿದವರು ಒಪ್ಪುವುದೇ ಹೆಚ್ಚು.

ಮೊದಲ 25 ನಿಮಿಷ: ಹೆಸರು ಮುಚ್ಚಿ ಓದಿಸುವುದು

ಹೊಡೆದಾಟ, ಕೊಲೆ ಇರುವ ಒಂದು ಲಾವಣಿಯಿಂದ ಎಂಟು ಸಾಲು ತೆಗೆದುಕೊಳ್ಳಿ. ಕುದುರೆ, ಸರಕಾರ, ಸಾಹೇಬ ಎಂಬಂಥ ಕಾಲ ಹೇಳುವ ಮಾತುಗಳಿರುವ ಸಾಲು ಬಿಡಿ. ಒಂದೇ ಪಠ್ಯವನ್ನು ಎರಡು ಕಟ್ಟು ಮಾಡಿ: ಹನ್ನೆರಡು ಹಾಳೆಯ ಮೇಲೆ ‘ಲಾವಣಿ’, ಉಳಿದ ಹನ್ನೆರಡರ ಮೇಲೆ ‘ರ‍್ಯಾಪ್’ ಎಂದು ತಲೆಬರಹ. ಕೆಳಗೆ ಒಂದೇ ಪ್ರಶ್ನೆ: ‘ಇದನ್ನು ಕಟ್ಟಿದವನು ಎಷ್ಟು ಅಪಾಯದ ಮನುಷ್ಯ? 1ರಿಂದ 5ರೊಳಗೆ ಅಂಕ ಕೊಡಿ.’ ಹಾಳೆ ವಾಪಸ್ ಪಡೆದು, ಎರಡೂ ಕಟ್ಟಿನ ಸರಾಸರಿಯನ್ನು ಬೋರ್ಡಿನ ಮೇಲೆ ಬರೆದ ಮೇಲೆ ಗುಟ್ಟು ಹೇಳಿ.

ಹಲಗಲಿ ಬೇಡರ ಲಾವಣಿಯನ್ನು ಮಾತ್ರ ಇದಕ್ಕೆ ಬಳಸಬೇಡಿ. ಹತ್ತನೆಯ ಇಯತ್ತೆಯ ಕನ್ನಡದಲ್ಲಿ ಓದಿದವರು ಎರಡನೇ ಸಾಲಿಗೇ ಗುರುತು ಹಿಡಿಯುತ್ತಾರೆ. ಅದನ್ನು ಗುಟ್ಟು ಬಿಚ್ಚಿದ ಮೇಲೆ ಎತ್ತಿ. 1857ರಲ್ಲಿ ಕೈಯೊಳಗಿನ ಹತಾರ ಕೊಡಲೊಲ್ಲೆವೆಂದು ಎದ್ದವರ ಹಾಡು ಅದು. ಅದರಲ್ಲೂ ಹತಾರ ಇದೆ, ಹೆಣ ಇದೆ. ಆದರೆ ಅದನ್ನು ಬಾಯಿಪಾಠ ಮಾಡಿದ್ದಕ್ಕೆ ಮಾರ್ಕ್ಸ್ ಕೊಡುತ್ತೇವೆ.

ಈ ಆಟ ನಮ್ಮದಲ್ಲ. 1990ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಿ ಫ್ರೈಡ್ ಹೀಗೇ ಮಾಡಿದರು. ಪೊಲೀಸನನ್ನು ಕೊಂದವನ ಕಥೆ ಹೇಳುವ ಹಳೆಯ ಜನಪದ ಧಾಟಿಯ ಹಾಡಿನ ಸಾಲುಗಳನ್ನು ಕೆಲವರಿಗೆ ರ‍್ಯಾಪ್ ಎಂದು, ಇನ್ನು ಕೆಲವರಿಗೆ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಧಾಟಿಯ) ಹಾಡು ಎಂದು ಹೇಳಿ ಓದಿಸಿದರು. ರ‍್ಯಾಪ್ ಎಂದುಕೊಂಡವರಿಗೆ ಅದೇ ಸಾಲು ಹೆಚ್ಚು ಅಪಾಯಕಾರಿ ಅನಿಸಿತು. 2016ರಲ್ಲಿ ಬೇರೆಯವರು ಮತ್ತೆ ಮಾಡಿದಾಗಲೂ ಫಲಿತಾಂಶ ಅದೇ ದಿಕ್ಕಿನಲ್ಲಿ ಬಂತು. ನಿಮ್ಮ ಇಪ್ಪತ್ತನಾಲ್ಕು ಜನರಲ್ಲಿ ವ್ಯತ್ಯಾಸ ಕಾಣದೆಯೂ ಹೋಗಬಹುದು. ಕಾಣದಿದ್ದರೆ ಕಾಣಲಿಲ್ಲ ಎಂದೇ ಹೇಳಿ, ಅಂಕಿ ಎಳೆದು ಹೊಂದಿಸಬೇಡಿ. ಎರಡು ಗುಂಪನ್ನು ದೂರ ದೂರ ಕೂರಿಸುವುದನ್ನು ಮರೆತರೆ ಆಟ ಅಲ್ಲೇ ಮುಗಿಯಿತು, ಪಕ್ಕದವನ ತಲೆಬರಹ ಕಂಡೇ ಕಾಣುತ್ತದೆ.

ಇಲ್ಲಿಗೇ ನಿಲ್ಲಿಸುವುದು ದೊಡ್ಡ ತಪ್ಪು. ‘ನೋಡ್ರಿ ಸರ, ರ‍್ಯಾಪ್ ಬ್ಯಾಡ ಅನ್ನೂದು ಬರೀ ಪೂರ್ವಗ್ರಹ’ ಎಂದು ಹುಡುಗರು ಗೆದ್ದು ಮನೆಗೆ ಹೋಗುತ್ತಾರೆ. ಹಾಗಾಗಿ ತಕ್ಷಣ ಇನ್ನೊಂದು ಅಧ್ಯಯನ ಹೇಳಿ. 2003ರಲ್ಲಿ ಕ್ರೇಗ್ ಆ್ಯಂಡರ್ಸನ್ ಮತ್ತು ಸಂಗಡಿಗರು 500ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ್ದು. ಹಿಂಸೆಯ ಸಾಲುಗಳಿರುವ ಹಾಡು ಕೇಳಿದ ಕೂಡಲೇ ಮನಸ್ಸಿನಲ್ಲಿ ಸಿಟ್ಟಿನ, ಹೊಡೆತದ ಯೋಚನೆ ಹೆಚ್ಚಾಯಿತು ಎಂದು ಅದರಲ್ಲಿ ಕಂಡಿತು. ಆದರೆ ಅದು ಲ್ಯಾಬಿನೊಳಗಿನ ಕೆಲವು ನಿಮಿಷದ ಮಾತು. ಹೊರಗೆ ಹೋಗಿ ಯಾರು ಯಾರಿಗೆ ಹೊಡೆದರು ಎಂದು ಅಳೆದದ್ದಲ್ಲ. ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ.

ಮುಂದಿನ 45 ನಿಮಿಷ: ಬಣ್ಣದ ಪೆನ್ಸಿಲ್

ಕೂಟದ ಜೀವ ಇಲ್ಲಿದೆ. ಆರಾರು ಜನರ ನಾಲ್ಕು ಗುಂಪು, ಪ್ರತಿ ಗುಂಪಿಗೆ ನಾಲ್ಕು ಪೆನ್ಸಿಲ್. ಬಡಾಯಿಗೆ ಹಳದಿ, ಕಂಡದ್ದನ್ನು ಹೇಳುವ ಸಾಲಿಗೆ ನೀಲಿ, ಜಾತಿ-ಹೆಣ್ಣು-ಮೈಬಣ್ಣದ ಕೀಳು ಮಾತಿಗೆ ಕಂದು, ಬೆದರಿಕೆಗೆ ಕೆಂಪು. ಹಾಡು ಒಮ್ಮೆ ಕೇಳಿಸಿ, ಆಮೇಲೆ ಸದ್ದಿಲ್ಲದೆ ಗುರುತು ಹಾಕಲಿ, ಮತ್ತೊಮ್ಮೆ ಕೇಳಿಸಿ.

ಶುರುವಿಗೆ ಈ ಆರು ಸಾಲು ಬೋರ್ಡಿನ ಮೇಲೆ ಬರೆದು ಅಭ್ಯಾಸ ಮಾಡಿಸಿ:

ದುರ್ಗದಬೈಲಿನಾಗ ನಿಂತೀನಿ ರಾತ್ರಿ ಹತ್ತಕ್ಕ
ಎದುರ ಬಂದವ್ನ ಎದಿ ಸೀಳತೀನಿ ಒಂದ ಹೊಡ್ತಕ್ಕ

ಗಿರಣಿ ಮುಚ್ಚಿದ ಮ್ಯಾಲೆ ಅಪ್ಪ ಮಾತು ಬಿಟ್ಟಾನ
ಅಣ್ಣನ ಕಿಸೆದಾಗ ಚಾಕು, ಅವ್ವ ಕೇಳೂದ ಬಿಟ್ಟಾಳ

ನಿನ್ನ ಬೈಕ್ ನಂಬರ್ ಗೊತ್ತೈತಿ, ನಿನ್ನ ಮನಿ ಗೊತ್ತೈತಿ
ಶನಿವಾರ ಸಂಜಿಗೆ ನಿನ್ನ ಲೆಕ್ಕ ಚುಕ್ತೈತಿ

ಮೊದಲ ಜೋಡಿಗೆ ಎಲ್ಲರೂ ಕೆಂಪು ಎತ್ತಿಕೊಳ್ಳುತ್ತಾರೆ, ಎದೆ ಸೀಳುವ ಮಾತಿದೆಯಲ್ಲ. ಆದರೆ ಯಾರ ಎದೆ? ಎದುರು ಬಂದವನದು, ಅಂದರೆ ಯಾರದೂ ಅಲ್ಲ. ಇದು ಹಳದಿ. ಎರಡನೇ ಜೋಡಿಯಲ್ಲಿ ಚಾಕು ಇದೆ, ಆದರೂ ನೀಲಿ. ಆ ಚಾಕುವಿನ ಬಗ್ಗೆ ಹೆಮ್ಮೆಯಿಲ್ಲ, ಮನೆಯೊಳಗಿನ ಭಯ ಇದೆ. ಮೂರನೆಯದರಲ್ಲಿ ಆಯುಧವೇ ಇಲ್ಲ, ರಕ್ತವಿಲ್ಲ, ಬೈಗುಳವೂ ಇಲ್ಲ. ಆದರೆ ಒಬ್ಬ ಮನುಷ್ಯ, ಒಂದು ಮನೆ, ಒಂದು ವಾರ, ಒಂದು ಹೊತ್ತು ಇದೆ. ಕೆಂಪು ಅದಕ್ಕೇ. ಇಷ್ಟು ತಿಳಿದರೆ ಹುಡುಗರು ಆಮೇಲೆ ತಮ್ಮ ಪ್ಲೇಲಿಸ್ಟನ್ನೇ ಬೇರೆ ಕಿವಿಯಿಂದ ಕೇಳುತ್ತಾರೆ. ಆಯುಧದ ಹೆಸರು ಎಣಿಸಿ ಹಾಡಿನ ಅಪಾಯ ಅಳೆಯುವುದು ದೊಡ್ಡವರ ಚಾಳಿ. ಯಾರು ಯಾರಿಗೆ ಹೇಳುತ್ತಿದ್ದಾನೆ, ಕೇಳುವವನಿಗೆ ಅದು ತನ್ನನ್ನೇ ಕುರಿತದ್ದೆಂದು ಗೊತ್ತಾಗುತ್ತದೆಯೇ ಎಂದು ನೋಡಬೇಕು.

ಒಂದು ಸಾಲಿಗೆ ಎರಡು ಬಣ್ಣ ಬೀಳಬಹುದು, ಬೀಳಲಿ. ಗುಂಪುಗಳ ನಡುವೆ ಜಗಳ ಬಂದ ಸಾಲಿಗೇ ಹೆಚ್ಚು ಹೊತ್ತು ಕೊಡಿ. ಒಂದೇ ತೊಂದರೆ, ಕಂದು ಬಣ್ಣ ಬೇಗ ಯಾರೂ ಎತ್ತುವುದಿಲ್ಲ. ಅವ್ವ-ತಂಗಿಯ ಮೇಲಿನ ಮಾತು ನಿತ್ಯದ ಬೈಗುಳವಾಗಿ ಕಿವಿಗೆ ಒಗ್ಗಿಹೋಗಿದೆ. ಕೋಣೆಯಲ್ಲಿ ಹುಡುಗಿಯರಿದ್ದರೆ ಆ ಸಾಲು ಯಾರು ಓದಬೇಕು ಎಂದು ಕೇಳಿ ನೋಡಿ. ಓದಲು ಯಾರೂ ಮುಂದೆ ಬಾರದಿದ್ದರೆ ಬಣ್ಣ ತಾನೇ ಗೊತ್ತಾಗುತ್ತದೆ.

ಚಹಾಕ್ಕೆ ಮೊದಲು 15 ನಿಮಿಷ ಇತಿಹಾಸ

ಇದನ್ನು ಉದ್ದ ಮಾಡಬೇಡಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯಿಂದ ರ‍್ಯಾಪ್‌ನ ತವರಾದ ಹಿಪ್‌ಹಾಪ್‌ನ ಹುಟ್ಟು ಎಣಿಸುತ್ತಾರೆ. ಶುರುವಿಗೆ ಅದು ಕುಣಿತದ ಸಂಗೀತ. 1989ರಲ್ಲಿ ಎನ್‌ಡಬ್ಲ್ಯೂಎ ರ‍್ಯಾಪ್ ತಂಡದ ಪೊಲೀಸ್ ವಿರೋಧಿ ಹಾಡಿನ ಬಗ್ಗೆ ಎಫ್‌ಬಿಐ ಅಧಿಕಾರಿಯೊಬ್ಬ ಅವರ ಹಾಡು ಹೊರತರುವ ಕಂಪನಿಗೆ ಪತ್ರ ಬರೆದ. ಹಾಡಿನ ಹೆಸರು ಇನ್ನಷ್ಟು ಬೆಳೆಯಿತು. 1996ರಲ್ಲಿ ರ‍್ಯಾಪರ್ ಟೂಪಾಕ್, 1997ರಲ್ಲಿ ಇನ್ನೊಬ್ಬ ರ‍್ಯಾಪರ್ ನಟೋರಿಯಸ್ ಬಿಐಜಿ ಗುಂಡಿಗೆ ಬಲಿಯಾದರು. 2018ರಲ್ಲಿ ಲಂಡನ್ ಪೊಲೀಸರ ಮನವಿಯ ಮೇಲೆ ಯೂಟ್ಯೂಬ್ ಹಲವು ಡ್ರಿಲ್ (ಗ್ಯಾಂಗ್ ಜಗಳದ ಮಾತು ಹೆಚ್ಚಿರುವ ರ‍್ಯಾಪ್‌ನ ಒಂದು ಬಗೆ) ವಿಡಿಯೊ ತೆಗೆಯಿತು. 2022ರಲ್ಲಿ ಕ್ಯಾಲಿಫೋರ್ನಿಯಾ ಇದಕ್ಕೆ ತಿರುವಾಗಿ, ಹಾಡಿನ ಸಾಲನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವುದಕ್ಕೆ ಮಿತಿ ಹಾಕುವ ಕಾನೂನು ತಂದಿತು.

ಹುಡುಗರು ಕೇಳುವುದು ಪಂಜಾಬಿ ರ‍್ಯಾಪರ್ ಸಿಧು ಮೂಸೆವಾಲಾ ಬಗ್ಗೆ. ಬಂದೂಕನ್ನು ವೈಭವೀಕರಿಸಿದ ಆರೋಪದ ಮೇಲೆ 2020ರಲ್ಲಿ ಅವರ ಮೇಲೆ ಕೇಸಾಗಿತ್ತು. 2022ರ ಮೇ 29ರಂದು ಮಾನ್ಸಾ ಜಿಲ್ಲೆಯಲ್ಲಿ ಅವರ ಕೊಲೆಯಾಯಿತು. ಅದೇ ವರ್ಷ ನವೆಂಬರಿನಲ್ಲಿ ಪಂಜಾಬ್ ಸರಕಾರ ಆಯುಧ ವೈಭವೀಕರಿಸುವ ಹಾಡುಗಳಿಗೆ ನಿಷೇಧ ಹೇರಿತು. ‘ಹಾಡಿದ್ದಕ್ಕೇ ಸತ್ತ’ ಎಂದು ಹೇಳಬೇಡಿ. ಪೊಲೀಸರು ಹೇಳಿದ್ದು ಗ್ಯಾಂಗ್ ದ್ವೇಷ ಎಂದು.

ಚಹಾ ಆದ ಮೇಲೆ: ಕೆಂಪು ಸಾಲನ್ನು ತಿರುಗಿ ಬರೆಸುವುದು

ಸುಮಾರು ನಲವತ್ತು ನಿಮಿಷ ಬೇಕು. 90 ಬಿಪಿಎಂ (ನಿಮಿಷಕ್ಕೆ 90 ತಾಳದೇಟು) ಬೀಟ್ ಹಾಕಿ. ಒಂದು ಬಾರ್ ಅಂದರೆ ನಾಲ್ಕು ಏಟು. ಎಂಟು ಬಾರ್ ಅಂದರೆ 21 ಸೆಕೆಂಡ್, ಹದಿನಾರು ಬಾರ್ ಅಂದರೆ 43 ಸೆಕೆಂಡ್, ಹೊಸಬರಿಗೆ ಎಂಟು ಸಾಕು. ಡ್ರಿಲ್ ಬೀಟ್ 140ರ ಆಸುಪಾಸು ಓಡುತ್ತದೆ, ಮೊದಲ ದಿನವೇ ಅದರ ಮೇಲೆ ಬರೆಸಿದರೆ ಉಸಿರು ಸಿಗದೆ ಎಲ್ಲರೂ ಬೈಗುಳದಿಂದ ಜಾಗ ತುಂಬುತ್ತಾರೆ. ಗ್ರಂಥದ ಕನ್ನಡ ಬಾರಿನೊಳಗೆ ಕೂರುವುದಿಲ್ಲ. ‘ಬರುತ್ತೇನೆ’ ಅನ್ನುವುದರೊಳಗೆ ತಾಳ ದಾಟಿರುತ್ತದೆ. ‘ಬರತೀನಿ’, ‘ಮನ್ಯಾಗ’, ‘ಹೊಂಟೇನಿ’ ಸಲೀಸಾಗಿ ಕೂರುತ್ತವೆ. ಈ ವಿಷಯದಲ್ಲಿ ಧಾರವಾಡದ ಹುಡುಗರಿಗೆ ಹುಟ್ಟಿನಿಂದಲೇ ಅನುಕೂಲ.

ನಿಯಮ ಒಂದೇ: ಸಿಟ್ಟು ಹಾಗೇ ಇರಬೇಕು, ಗುರಿ ಮಾತ್ರ ಬದಲಾಗಬೇಕು. ಎದುರಾಳಿಯ ಮನೆ, ಜಾತಿ, ಹೆಣ್ಣುಮಕ್ಕಳನ್ನು ಬಿಟ್ಟು ಅವನ ಹಾಡನ್ನು ಹಿಡಿಯಬೇಕು. ನಮ್ಮ ಕಡೆ ಹರದೇಶಿ-ನಾಗೇಶಿ ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯೆಲ್ಲ ದಪ್ಪು, ತುಂತುಣಿ ಹಿಡಿದು ಸವಾಲ್-ಜವಾಬ್ ಹಾಡುತ್ತವೆ. ಮಾತು ಖಾರವೇ ಇರುತ್ತದೆ, ಆದರೆ ಜವಾಬು ಕೊಡಲಾಗದವನು ಸೋತಂತೆ. ಅಂಥ ಮೇಳದವರೊಬ್ಬರು ಸಿಕ್ಕರೆ ಗೌರವಧನ ಕೊಟ್ಟು ಕರೆಸಿ, ಇಪ್ಪತ್ತು ನಿಮಿಷ ಹಾಡಿಸಿ. ಬೋರ್ಡಿನ ಮೇಲಿನ ಮೂರನೇ ಜೋಡಿಯನ್ನು ಹೀಗೆ ತಿರುಗಿಸಬಹುದು:

ನಿನ್ನ ಪ್ರಾಸ ಗೊತ್ತೈತಿ, ನಿನ್ನ ತಾಳ ಗೊತ್ತೈತಿ
ಕದ್ದ ಬೀಟಿನ ಮ್ಯಾಲೆ ನಿನ್ನ ಹವಾ ಎಷ್ಟೊತ್ತೈತಿ?

ಹೊಡೆತ ಜೋರೇ ಬಿದ್ದಿದೆ, ಆದರೆ ಯಾರೂ ಶನಿವಾರ ಸಂಜೆ ಮನೆಯಿಂದ ಹೊರಬರಲು ಹೆದರಬೇಕಿಲ್ಲ. ಕೆಲವರು ಸಿಟ್ಟನ್ನೇ ತೆಗೆದು ಉಪದೇಶ ಬರೆದು ತರುತ್ತಾರೆ, ಮೇಷ್ಟ್ರಿಗೆ ಇಷ್ಟವಾಗಲಿ ಎಂದು. ಅದನ್ನು ಮೆಚ್ಚಬೇಡಿ, ವಾಪಸ್ ಕಳಿಸಿ.

ರೀಲ್ಸ್ ಹಾಕುವ ಮುನ್ನ

ಹಾಡು ಕೋಣೆಯಲ್ಲಿ ಇದ್ದಷ್ಟು ಹೊತ್ತು ಹಾಡು. ಏರಿಯಾದ ಹೆಸರು, ಎದುರಾಳಿಯ ಅಡ್ಡಹೆಸರು, ಕೈಯಲ್ಲಿ ತಲವಾರ, ಕೆಳಗೆ ಟ್ಯಾಗ್, ಅದರ ಕೆಳಗೆ ‘ಬಾ ಲೇ ನೋಡೂಣು’ ಎಂಬ ಕಮೆಂಟ್ ಸೇರಿದ ಮೇಲೆ ಅದು ಬೇರೆಯೇ ವಸ್ತು. ಅಪ್‌ಲೋಡ್ ಮಾಡುವ ಮೊದಲು ಇಷ್ಟು ನೋಡಿಕೊಳ್ಳಲು ಹೇಳಿ: ಹೆಸರು, ಅಡ್ಡಹೆಸರು, ಓಣಿ, ಕಾಲೇಜು, ಗಾಡಿ ನಂಬರ್, ದಿನ-ವೇಳೆ ಯಾವುದೂ ಇರಬಾರದು. ವಿಡಿಯೊದಲ್ಲಿ ಮಚ್ಚು ಬೇಕೇ ಬೇಕೆಂದರೆ ರಟ್ಟಿನದು ಮಾಡಿ, ನಿಜವಾದದ್ದು ಮುಟ್ಟಬೇಡಿ. ಬರೆದ ದಿನವೇ ಹಾಕಬೇಡಿ, ಒಂದು ರಾತ್ರಿ ಕಳೆಯಲಿ.

ಕಾನೂನನ್ನೂ ನೇರವಾಗಿ ಹೇಳಿ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನಡಿ ಬೆದರಿಕೆಗೆ ಎರಡು ವರ್ಷದವರೆಗೆ, ಕೊಲೆ ಅಥವಾ ಗಂಭೀರ ಗಾಯದ ಬೆದರಿಕೆಗೆ ಏಳು ವರ್ಷದವರೆಗೆ ಜೈಲು ಆಗಬಹುದು. ಹೆಸರು ಮುಚ್ಚಿ ಬೆದರಿಸಿದರೆ ಶಿಕ್ಷೆ ಕಡಿಮೆಯಾಗುವುದಿಲ್ಲ, ಇನ್ನೂ ಎರಡು ವರ್ಷದವರೆಗೆ ಕೂಡಬಹುದು. ಫೇಕ್ ಅಕೌಂಟ್ ಇದ್ದರೆ ಪಾರು ಎಂದುಕೊಂಡವರಿಗೆ ಇದು ಹೊಸ ಸುದ್ದಿ. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಬೇರೆ ಇದೆ.

ಬೆದರಿಕೆಯ ರೀಲ್ಸ್ ಯಾರದ್ದಾದರೂ ಕೈಗೆ ಬಂದರೆ ಫಾರ್ವರ್ಡ್ ಮಾಡಬಾರದು, ಕಮೆಂಟಿನಲ್ಲಿ ಜವಾಬು ಕೊಡಬಾರದು. ಲಿಂಕ್, ಅಕೌಂಟ್ ಹೆಸರು, ದಿನ-ವೇಳೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆಮೇಲೆ ರಿಪೋರ್ಟ್ ಒತ್ತಬೇಕು. ಮೊದಲೇ ರಿಪೋರ್ಟ್ ಮಾಡಿದರೆ ವಿಡಿಯೊ ಹೋಗುತ್ತದೆ, ಪುರಾವೆಯೂ ಹೋಗುತ್ತದೆ. ದಿನ, ಜಾಗ ಗೊತ್ತಿರುವ ಬೆದರಿಕೆಯಾದರೆ ಕಾಯದೆ 112ಕ್ಕೆ ಫೋನ್ ಮಾಡಬೇಕು. ಹಾಕಿದವನು ನಿಮ್ಮ ಕೂಟದ ಹುಡುಗನೇ ಆಗಿದ್ದರೆ ಅಳಿಸಿದೆ ಎಂದಷ್ಟಕ್ಕೆ ಬಿಡಬೇಡಿ, ಅಷ್ಟರೊಳಗೆ ನಾಲ್ಕು ಜನರ ಸ್ಟೇಟಸ್‌ನಲ್ಲಿ ಅದು ಕೂತಿರುತ್ತದೆ. ಎರಡೂ ಕಡೆಯವರು ಮಾತು ಕೇಳುವ ಹಿರಿಯರೊಬ್ಬರನ್ನು ಹಿಡಿದು, ಅದೇ ದಿನ ಎದುರಿನ ಹುಡುಗನ ಮನೆಯವರಿಗೆ ವಿಷಯ ಮುಟ್ಟಿಸಿ.